ಗರ್ಭಿಣಿಯ ಮಧುಮೇಹವೂ ಮನೆಯವರ ಪಥ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣವನ್ನೂ ತರ್ಕವನ್ನೂ ಬೋಧಿಸುವ ಪಂಡಿತನಿಗೆ ಗರ್ಭಿಣಿಯರ ಆಹಾರದ ವಿಷಯವೇತಕ್ಕೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಶ್ರೀಗಳವರ ಅಪ್ಪಣೆಯೇ ಅದಕ್ಕೆ ಉತ್ತರ. ಸೋಮವಾರಗಳಲ್ಲಿ ಆಶೀರ್ವಾದಕ್ಕೆಂದು ಬರುವ ಬಸುರಿಯರಲ್ಲಿ, ಆಸ್ಪತ್ರೆಯವರು ಸಕ್ಕರೆ ರೋಗವಿದೆಯೆಂದರು, ಕೂಸಿಗೇನಾದೀತೋ ಎಂದು ಕಣ್ಣೀರಿಡುವವರು ಹೆಚ್ಚುತ್ತಿರುವುದನ್ನು ಕಂಡು, ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ, ಮನೆಮಂದಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕೆಂದು ಅವರು ನನಗೆ ಆಜ್ಞಾಪಿಸಿದರು. ನಾನು ವೈದ್ಯನಲ್ಲ, ಔಷಧವನ್ನು ಹೇಳುವವನೂ ಅಲ್ಲ. ಪ್ರತಿಯೊಬ್ಬ ಗರ್ಭಿಣಿಯ ವಿಷಯದಲ್ಲಿಯೂ ಆಕೆಯನ್ನು ನೋಡುವ ವೈದ್ಯರ ಮಾತೇ ಪ್ರಮಾಣ. ನಾನು ಹೇಳಲೆಳಸುವುದು ಮುಖ್ಯವಾಗಿ ಒಂದೇ ಮಾತು: ಈ ಪಥ್ಯವು ಗರ್ಭಿಣಿಯೊಬ್ಬಳ ಪಥ್ಯವಲ್ಲ, ಅತ್ತೆಯ ಮನೆ ತವರುಮನೆಗಳೆರಡರ ಪಥ್ಯ.

ನಮ್ಮ ಪೂರ್ವಿಕರಿಗೆ ಈ ರೋಗವು ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತು ವಿಧವಾಗಿ ವಿಂಗಡಿಸಿ ಮಧುಮೇಹವನ್ನು ಅವುಗಳಲ್ಲೊಂದಾಗಿ ಎಣಿಸಿದೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಪ್ರಾಚೀನ ವೈದ್ಯರು ಗುರುತಿಸಿದ್ದರು. ಅದೇ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ಒಂದು ಸೊಗಸಾದ ಉಪಮಾನವುಂಟು: ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಹಿಡಿಯುವ ಹಾಗೆ ಆಕೆಯನ್ನು ಉಪಚರಿಸಬೇಕೆಂಬುದು ಅದರ ತಾತ್ಪರ್ಯ. ವೈಯಾಕರಣನಾದ ನನಗೆ ಅಲ್ಲಿ ಮುಖ್ಯವಾಗಿ ಕಾಣುವುದು ಆ ಪದದ ಪ್ರಯೋಗ. ಗರ್ಭಿಣಿಯು ಅಲ್ಲಿ ಉಪಚರಿಸಲ್ಪಡತಕ್ಕವಳು; ಉಪಚರಿಸುವ ಕರ್ತೃಗಳು ಬೇರೆಯವರು. ಎಚ್ಚರವಿರಬೇಕಾದದ್ದು ಪಾತ್ರೆಯನ್ನು ಹಿಡಿದವರಿಗಲ್ಲದೆ ಪಾತ್ರೆಗಲ್ಲವಷ್ಟೆ.

ಅದೇ ಅಧ್ಯಾಯದಲ್ಲಿ, ನಿತ್ಯವೂ ಮಧುರ ಪದಾರ್ಥಗಳಲ್ಲಿಯೇ ಆಸಕ್ತಳಾದ ಗರ್ಭಿಣಿಗೆ ಪ್ರಮೇಹಿಯೋ ಅತಿಸ್ಥೂಲನೋ ಆದ ಶಿಶು ಹುಟ್ಟುವುದೆಂಬ ಅರ್ಥದ ಮಾತೂ ಇದೆ. ಜೊತೆಯಲ್ಲಿ ಮೂಕತ್ವವನ್ನೂ ಹೇಳಿದೆ. ಅದನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪುವುದಿಲ್ಲ. ಆದರೆ ತಾಯಿಯ ಸಕ್ಕರೆಯು ಮಗುವಿನ ಸ್ಥೂಲತೆಗೆ ಕಾರಣವಾಗುವುದನ್ನು ಅಷ್ಟು ಹಿಂದೆಯೇ ಊಹಿಸಿದ್ದರೆಂಬುದು ಆಶ್ಚರ್ಯದ ಸಂಗತಿ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಈ ಮಾತನ್ನು ಹಿಡಿದುಕೊಂಡು, "ನೀನು ಸಿಹಿ ತಿಂದೆ, ಆದ್ದರಿಂದ ಈ ರೋಗ ತಂದುಕೊಂಡೆ" ಎಂದು ಸೊಸೆಯನ್ನು ದೂರುವ ಮನೆಗಳನ್ನು ನಾನು ಬಲ್ಲೆ. ಅದು ಶಾಸ್ತ್ರದ ಅಪಾರ್ಥವೂ ಹೌದು, ಶರೀರಧರ್ಮದ ಅಜ್ಞಾನವೂ ಹೌದು.

ಶರೀರಧರ್ಮವೇನೆಂಬುದನ್ನು ಕೇಳಿರಿ. ನಾವು ಉಂಡ ಅನ್ನ, ರೊಟ್ಟಿ, ಮುದ್ದೆಗಳಲ್ಲಿನ ಪಿಷ್ಟವು ಜೀರ್ಣವಾಗಿ ಸಕ್ಕರೆಯ ರೂಪದಿಂದ ರಕ್ತವನ್ನು ಸೇರುತ್ತದೆ. ಆ ಸಕ್ಕರೆಯನ್ನು ರಕ್ತದಿಂದ ಅಂಗಾಂಗಗಳ ಒಳಕ್ಕೆ ಸೇರಿಸುವುದು ಮೇದೋಜೀರಕ ಗ್ರಂಥಿಯಿಂದ ಸ್ರವಿಸುವ ಇನ್ಸುಲಿನ್ ಎಂಬ ರಸ. ಹೆಂಗಸು ಬಸುರಾದಾಗ ಗರ್ಭದಲ್ಲಿ ಮಾಸು ಬೆಳೆಯುತ್ತದೆ. ಕೂಸಿಗೆ ಅನ್ನವನ್ನು ತಲುಪಿಸುವ ಆ ಮಾಸು, ತಾಯಿಯ ರಕ್ತದಲ್ಲಿ ಸಕ್ಕರೆಯು ಕೂಸಿಗಾಗಿ ಧಾರಾಳವಾಗಿ ಉಳಿಯಲೆಂದೋ ಎಂಬಂತೆ, ಇನ್ಸುಲಿನ್ನಿನ ಕೆಲಸವನ್ನು ತಡೆಯುವ ಹಾರ್ಮೋನುಗಳನ್ನು ಹೊರಡಿಸುತ್ತದೆ. ಐದಾರು ತಿಂಗಳು ತುಂಬಿದಂತೆ ಈ ತಡೆ ಬಲಿಯುತ್ತ ಹೋಗುವುದು. ಆಗ ತಾಯಿಯ ಗ್ರಂಥಿಯು ಮೊದಲಿನ ಎರಡು ಮೂರು ಪಟ್ಟು ಇನ್ಸುಲಿನ್ ಉತ್ಪಾದಿಸಬೇಕಾಗುತ್ತದೆ. ಬಹುಜನರ ಗ್ರಂಥಿ ಈ ಭಾರವನ್ನು ಹೊರುತ್ತದೆ, ಕೆಲವರದು ಹೊರಲಾರದು. ಹೊರಲಾರದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದೇ ಗರ್ಭಾವಸ್ಥೆಯ ಮಧುಮೇಹ. ತಾಯಿ ತಂದೆಗಳಿಗೆ ಸಕ್ಕರೆ ರೋಗವಿದ್ದವರಲ್ಲಿ, ಮೈತೂಕ ಹೆಚ್ಚಿದವರಲ್ಲಿ, ವಯಸ್ಸು ಮೀರಿ ಬಸುರಾದವರಲ್ಲಿ, ಹಿಂದಿನ ಹೆರಿಗೆಯಲ್ಲಿ ಬಹಳ ದೊಡ್ಡ ಕೂಸನ್ನು ಹಡೆದವರಲ್ಲಿ ಇದು ಹೆಚ್ಚು. ಇವಾವುವೂ ಇಲ್ಲದ ಬಡಕಲು ಹುಡುಗಿಯಲ್ಲಿಯೂ ಕಾಣಿಸಿಕೊಳ್ಳುವುದುಂಟು. ಎಂದ ಮೇಲೆ ದೂರಬೇಕಾದವರು ಯಾರು?

ಕೂಸಿಗೆ ಇದರಿಂದಾಗುವುದೇನು? ತಾಯಿಯ ಸಕ್ಕರೆಯು ಮಾಸನ್ನು ದಾಟಿ ಕೂಸನ್ನು ಸೇರುತ್ತದೆ; ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಕೂಸಿನ ಎಳೆಯ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಿ ಆ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ. ಮೈ ದಪ್ಪವಾಗುತ್ತದೆ, ಭುಜಗಳು ಅಗಲವಾಗುತ್ತವೆ. ಹೆರಿಗೆಯಲ್ಲಿ ತಲೆ ಬಂದು ಭುಜ ಸಿಕ್ಕಿಕೊಳ್ಳುವ ಭಯ ಇದರಿಂದಲೇ. ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುವುದು, ಆದರೆ ಕೂಸಿನ ಇನ್ಸುಲಿನ್ ಅದೇ ಜೋರಿನಲ್ಲಿರುವುದು. ಆಗ ಕೂಸಿನ ರಕ್ತದ ಸಕ್ಕರೆ ತಟ್ಟನೆ ಕುಸಿಯಬಹುದು. ಆದಕಾರಣ ಇಂಥ ಕೂಸಿಗೆ ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಕುಡಿಸಬೇಕು, ಅದರ ರಕ್ತವನ್ನು ಪರೀಕ್ಷಿಸಬೇಕು. ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ನಾಲಗೆಗೆ ಜೇನು ಸವರಿ ಕಾಯಿಸುವ ಪದ್ಧತಿ ಯಾವ ಕೂಸಿಗೂ ಹಿತವಲ್ಲ. ಈ ಕೂಸಿಗಂತೂ ಅಪಾಯಕರ. ಮತ್ತೊಂದು ಮಾತು. ನಮ್ಮ ಕಡೆಯ ಹೆಂಗಸರು ದಪ್ಪಗಿರುವ ಕೂಸನ್ನು ಕಂಡರೆ ದೃಷ್ಟಿ ತೆಗೆದು ಸಂತೋಷಪಡುತ್ತಾರಲ್ಲವೆ? ದಪ್ಪವೆಲ್ಲ ಆರೋಗ್ಯವಲ್ಲ.

ಇನ್ನು ಈ ವಿದ್ಯೆಯು ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಅದನ್ನು ಮೊದಲ ರೋಗಿಗೆ ಕೊಟ್ಟರು. ಅದಕ್ಕೆ ಮುಂಚೆ ಮಧುಮೇಹವಿದ್ದ ಹೆಂಗಸು ಬಸುರಾದರೆ ತಾಯಿಯೋ ಕೂಸೋ ಉಳಿಯುವುದೇ ದುರ್ಲಭವಾಗಿತ್ತು. ಗರ್ಭಾವಸ್ಥೆಯಲ್ಲಿಯೇ ತೋರುವ ಸಕ್ಕರೆಯನ್ನು ಅಳೆಯುವ ಕ್ರಮವನ್ನು ೧೯೬೪ರಲ್ಲಿ ಅಮೇರಿಕೆಯ ಬೋಸ್ಟನ್ ನಗರದ ಓ ಸಲಿವನ್ ಎಂಬ ವೈದ್ಯರು ತಮ್ಮ ಸಹಾಯಕರೊಡನೆ ಗೊತ್ತುಪಡಿಸಿದರು. ಇಷ್ಟು ಕೊಂಚ ಸಕ್ಕರೆಗೆ ಚಿಕಿತ್ಸೆ ಬೇಕೇ ಎಂಬ ಶಂಕೆ ವೈದ್ಯರಲ್ಲಿಯೂ ಬಹುಕಾಲವಿತ್ತು. ೨೦೦೫ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಸುಮಾರು ಸಾವಿರ ಗರ್ಭಿಣಿಯರನ್ನು ಎರಡು ಭಾಗ ಮಾಡಿ ನೋಡಿದಾಗ, ಪಥ್ಯವನ್ನೂ ಬೇಕಾದಲ್ಲಿ ಇನ್ಸುಲಿನ್ನನ್ನೂ ಪಡೆದವರ ಕೂಸುಗಳಲ್ಲಿ ನೂರಕ್ಕೆ ಒಂದರಷ್ಟು ಕೂಸಿಗೆ ಘೋರ ತೊಂದರೆಯಾದರೆ, ಸಾಮಾನ್ಯ ಉಪಚಾರ ಮಾತ್ರ ಪಡೆದವರ ಕೂಸುಗಳಲ್ಲಿ ನೂರಕ್ಕೆ ನಾಲ್ಕರಷ್ಟಕ್ಕಾಗಿತ್ತು. ಶಂಕೆ ಅಲ್ಲಿಗೆ ಪರಿಹಾರವಾಯಿತು. ೨೦೦೮ರಲ್ಲಿ ಒಂಬತ್ತು ದೇಶಗಳ ೨೩,೦೦೦ಕ್ಕೂ ಮಿಕ್ಕ ಗರ್ಭಿಣಿಯರ ಪರೀಕ್ಷೆಯಿಂದ, ಸಕ್ಕರೆಯು ಏರಿದಷ್ಟೂ ಕೂಸಿನ ಗಾತ್ರವೂ ತೊಂದರೆಯೂ ಏರುತ್ತ ಹೋಗುವುದೆಂದೂ, ಇಲ್ಲಿಂದಾಚೆ ಅಪಾಯ, ಇಲ್ಲಿಂದೀಚೆ ಕ್ಷೇಮ ಎಂಬ ಗಡಿಗೆರೆ ಇಲ್ಲವೆಂದೂ ತಿಳಿದುಬಂತು.

ದೂರದ ದೇಶಗಳ ಮಾತೇ ಏಕೆ? ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರರಲ್ಲಿ ಆರು ಮಂದಿಗೆ ಈ ರೋಗವು ಕಂಡುಬಂತು. ಆ ತಾಯಂದಿರ ಮಕ್ಕಳನ್ನು ಅಲ್ಲಿಯವರು ಬಿಡದೆ ಅನುಸರಿಸಿ, ಐದನೆಯ ವಯಸ್ಸಿನಲ್ಲಿಯೂ ಒಂಬತ್ತೂವರೆಯ ವಯಸ್ಸಿನಲ್ಲಿಯೂ ನೋಡಿದಾಗ, ಇತರ ಮಕ್ಕಳಿಗಿಂತ ಅವರ ಮೈಯಲ್ಲಿ ಕೊಬ್ಬೂ ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚಾಗಿರುವ ಪ್ರವೃತ್ತಿಯನ್ನು ಕಂಡರು. ಅಂದರೆ ಒಂಬತ್ತು ತಿಂಗಳ ಊಟವು ಒಂಬತ್ತು ವರುಷದ ಮಗುವಿನ ಮೈಯಲ್ಲಿ ಗುರುತು ಬಿಟ್ಟಿತ್ತು.

ಈಗ ಪರೀಕ್ಷೆಯ ಮಾತು. ನಮ್ಮ ಸರಕಾರವು ೨೦೧೪ರಲ್ಲಿ ಹೊರಡಿಸಿ ೨೦೧೮ರಲ್ಲಿ ಪರಿಷ್ಕರಿಸಿದ ಸೂಚನೆಯಂತೆ, ಪ್ರತಿಯೊಬ್ಬ ಗರ್ಭಿಣಿಗೂ ಆಸ್ಪತ್ರೆಗೆ ಮೊದಲು ಬಂದಾಗ ಒಮ್ಮೆ, ಅದರಲ್ಲಿ ದೋಷವಿಲ್ಲದಿದ್ದರೆ ೨೪ರಿಂದ ೨೮ ವಾರಗಳೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡತಕ್ಕದ್ದು. ಉಪವಾಸವಿರಬೇಕಾಗಿಲ್ಲ, ಉಂಡು ಬಂದರೂ ಸರಿಯೇ. ೭೫ ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು ೩೦೦ ಮಿಲಿಲೀಟರ್ ನೀರಿನಲ್ಲಿ ಕದಡಿ ಐದು ಹತ್ತು ನಿಮಿಷಗಳಲ್ಲಿ ಕುಡಿಸಿ, ಎರಡು ಗಂಟೆಗಳ ತರುವಾಯ ರಕ್ತವನ್ನು ನೋಡುತ್ತಾರೆ. ನೂರು ಮಿಲಿಲೀಟರಿಗೆ ೧೪೦ ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟರೆ ರೋಗವಿದೆಯೆಂದು ನಿರ್ಣಯ. ಉಪವಾಸದ ಕಟ್ಟಿಲ್ಲದ ಈ ಸುಲಭ ಪರೀಕ್ಷೆಯು ನಮ್ಮ ದೇಶದಲ್ಲಿ ನೆಲೆಗೊಳ್ಳಲು ಬಹಳ ಶ್ರಮಿಸಿದವರು ಮದರಾಸಿನ ವೈದ್ಯರಾದ ವಿ. ಶೇಷಯ್ಯನವರು. ಅವರ ಜನ್ಮದಿನವಾದ ಮಾರ್ಚ್ ೧೦ನ್ನೇ ಈ ರೋಗದ ತಿಳಿವಳಿಕೆಯ ದಿನವನ್ನಾಗಿ ಆಚರಿಸುವ ರೂಢಿಯುಂಟು.

ಇಲ್ಲಿ ನಮ್ಮ ಸಂಪ್ರದಾಯದ ಒಂದು ತೊಡಕನ್ನು ಗಮನಿಸಬೇಕು. ೨೪ರಿಂದ ೨೮ ವಾರವೆಂದರೆ ಆರು ತುಂಬಿ ಏಳರಲ್ಲಿ ಬೀಳುವ ಕಾಲ. ನಮ್ಮಲ್ಲಿ ಕುಬಸದ ಸಂಭ್ರಮವೂ ಅದೇ ಕಾಲಕ್ಕೆ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದೂ ಅದರ ಹಿಂದೆಯೇ. ಮಾಸಿನ ಹಾರ್ಮೋನುಗಳು ಬಲಿತು ಸಕ್ಕರೆ ಏರತೊಡಗುವ ಹೊತ್ತಿಗೆ ಸರಿಯಾಗಿ ಬೀಗರು ಬಿಜ್ಜರು ಹೋಳಿಗೆ, ಕರಚಿಕಾಯಿ, ಉಂಡಿಗಳ ಬುಟ್ಟಿ ಹೊತ್ತು ತರುತ್ತಾರೆ. ಅತ್ತೆಯ ಮನೆಯ ಊರಿನ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಆಗಿರುತ್ತದೆ. ಎರಡನೆಯದು ಆಗಬೇಕಾದ ವಾರದಲ್ಲಿ ಹುಡುಗಿ ಮೋಟಾರು ಹತ್ತಿ ತವರಿಗೆ ಹೋಗಿರುತ್ತಾಳೆ. ಅಲ್ಲಿಯ ಆಸ್ಪತ್ರೆಯವರು ಆಗಿರಬಹುದೆಂದುಕೊಳ್ಳುತ್ತಾರೆ, ಇಲ್ಲಿಯವರು ಅಲ್ಲಿ ಮಾಡುವರೆಂದುಕೊಳ್ಳುತ್ತಾರೆ. ಎರಡು ಮನೆಗಳ ನಡುವೆ ಪರೀಕ್ಷೆಯೇ ತಪ್ಪಿಹೋಗುವುದು. ಆದುದರಿಂದ ನನ್ನ ಬಿನ್ನಹವೇನೆಂದರೆ, ಕುಬಸದ ಮುಹೂರ್ತ ಕೇಳಲು ಮಠಕ್ಕೆ ಬರುವ ಹಿರಿಯರು ಸಕ್ಕರೆಯ ಪರೀಕ್ಷೆ ಮುಗಿಸಿಕೊಂಡೇ ಬರಲಿ. ಬಸುರಿಯನ್ನು ತವರಿಗೆ ಕಳುಹಿಸುವಾಗ ಸೀರೆ ಕುಬಸಗಳೊಡನೆ ತಾಯಿ ಕಾರ್ಡನ್ನೂ ಪರೀಕ್ಷೆಯ ಕಾಗದಗಳನ್ನೂ ಉಡಿಯಲ್ಲಿಟ್ಟ ಹಾಗೆ ಜೋಪಾನವಾಗಿ ಕೊಟ್ಟು ಕಳುಹಿಸಲಿ. ಹಸುರು ಬಳೆ ಇಡಿಸಿರಿ, ಹಾಡಿರಿ, ಆರತಿ ಬೆಳಗಿರಿ. ಅವಕ್ಕೆ ಯಾವ ವೈದ್ಯರ ಅಡ್ಡಿಯೂ ಇಲ್ಲ. ಬುಟ್ಟಿಯಲ್ಲಿ ಹಣ್ಣು, ಶೇಂಗಾ, ಕೊಬ್ಬರಿ, ಹುರಿಗಡಲೆಗಳನ್ನು ತಂದರೆ ಬೀಗರ ಮರ್ಯಾದೆಗೆ ಕುಂದೇನು?

ಇನ್ನು ಆಹಾರದ ವಿಚಾರ. ರೋಗವೆಂದು ತಿಳಿದಾಗ ಜನರು ಎರಡು ಬಗೆಯಲ್ಲಿ ದಾರಿ ತಪ್ಪುತ್ತಾರೆ. ಒಂದು ಬಗೆ, "ಬಸುರಿ ಇಬ್ಬರ ಊಟ ಉಣ್ಣಬೇಕು" ಎಂಬ ಹಳೆಯ ಮಾತನ್ನು ಬಿಡದೆ ಉಣಿಸುವುದು. ಬಸುರಿಗೆ ಹೆಚ್ಚಾಗಿ ಬೇಕಾದದ್ದು ದಿನಕ್ಕೆ ೩೫೦ ಕ್ಯಾಲರಿಯಷ್ಟು ಮಾತ್ರವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ಲೆಕ್ಕ. ಹೆಚ್ಚು ಕಡಮೆ ಒಂದು ತೆಳ್ಳನೆಯ ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಲೋಟ ಹಾಲು. ಇಷ್ಟಕ್ಕೆ ಇಬ್ಬರ ಊಟವೆನ್ನಲಾದೀತೆ? ಇನ್ನೊಂದು ಬಗೆ ಇದಕ್ಕಿಂತ ಹೆಚ್ಚು ಅಪಾಯದ್ದು. ಹೆದರಿದ ಹುಡುಗಿಯು ಅನ್ನವನ್ನು ಬಿಟ್ಟು, ರೊಟ್ಟಿಯನ್ನು ಅರ್ಧ ಮಾಡಿ, ರಾತ್ರಿಯ ಊಟವನ್ನೇ ತ್ಯಜಿಸಿ, ಅಳತೆಯ ಯಂತ್ರದಲ್ಲಿ ಅಂಕಿ ಇಳಿಯಿತೆಂದು ಸಮಾಧಾನ ಪಡುತ್ತಾಳೆ. ಅಂಕಿ ಇಳಿದದ್ದು ನಿಜ. ಆದರೆ ಹೊಟ್ಟೆಗಿಲ್ಲದ ಶರೀರವು ತನ್ನ ಕೊಬ್ಬನ್ನೇ ಉರಿಸಿ ಕೀಟೋನ್ ಎಂಬ ಆಮ್ಲ ಪದಾರ್ಥಗಳನ್ನು ಹುಟ್ಟಿಸುತ್ತದೆ, ಕೂಸಿನ ಬೆಳವಣಿಗೆ ಕುಂದುತ್ತದೆ. ಗರ್ಭಿಣಿಗೆ ದಿನಕ್ಕೆ ೧೭೫ ಗ್ರಾಮಿಗಿಂತ ಕಡಮೆ ಪಿಷ್ಟ ಸಲ್ಲದೆಂದು ವೈದ್ಯರು ಹೇಳುತ್ತಾರೆ. ಪಥ್ಯವೆಂದರೆ ಉಣ್ಣದಿರುವುದಲ್ಲ. ಉಣ್ಣುವುದನ್ನು ಹಂಚಿ ಉಣ್ಣುವುದು.

ಹಂಚುವುದೆಂದರೆ ಹೇಗೆ? ಎರಡು ದೊಡ್ಡ ಊಟಗಳ ಬದಲು ಮೂರು ಸಾಧಾರಣ ಊಟ, ನಡುನಡುವೆ ಎರಡು ಮೂರು ಸಣ್ಣ ಆಹಾರ. ಬೆಳಗಿನ ಹೊತ್ತು ಇನ್ಸುಲಿನ್ನಿಗೆ ತಡೆ ಹೆಚ್ಚಾಗಿರುವುದರಿಂದ ಅನೇಕರಿಗೆ ಸಕ್ಕರೆ ಏರುವುದು ನಾಷ್ಟಾದ ನಂತರವೇ. ನಮ್ಮ ನಾಷ್ಟಾವೆಂದರೆ ಉಪ್ಪಿಟ್ಟು, ಅವಲಕ್ಕಿ, ಮಂಡಕ್ಕಿ, ಇಡ್ಲಿ. ಎಲ್ಲವೂ ಪಿಷ್ಟವೇ, ಮೇಲೊಂದು ಸಕ್ಕರೆಯ ಚಹ. ಅದನ್ನೇ ಅರ್ಧಕ್ಕಿಳಿಸಿ, ಜೊತೆಗೆ ಮೊಳಕೆ ಬಂದ ಹೆಸರುಕಾಳು, ಶೇಂಗಾ, ಮೊಸರು ಮುಂತಾದ ಸಸಾರಜನಕವುಳ್ಳ ವಸ್ತುಗಳನ್ನು ಸೇರಿಸಿದರೆ ಹೊಟ್ಟೆಯೂ ತುಂಬುತ್ತದೆ, ಸಕ್ಕರೆಯೂ ನಿಧಾನವಾಗಿ ಏರುತ್ತದೆ. ಹೆಸರುಬೇಳೆಯನ್ನು ರುಬ್ಬಿ ಹುಯ್ದ ದೋಸೆ ಇನ್ನೂ ಉತ್ತಮ. ಹನ್ನೊಂದರ ಸುಮಾರಿಗೆ ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಹುರಿದ ಕಡಲೆ. ಮಧ್ಯಾಹ್ನಕ್ಕೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯವೋ ಮೆಂತೆಪಲ್ಯವೋ, ಮಡಕೆಕಾಳಿನ ಉಸುಳಿಯೋ ಜುಣಕವೋ, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಮೊಸರು, ಕೊನೆಗೆ ಒಂದು ಹಿಡಿ ಅನ್ನ. ಸಂಜೆಗೆ ಒಂದು ಪೇರಲ ಹಣ್ಣೋ ಸಕ್ಕರೆಯಿಲ್ಲದ ಹಾಲೋ. ರಾತ್ರಿ ಎಂಟರೊಳಗೆ ಮಧ್ಯಾಹ್ನದಂತೆಯೇ ಊಟ. ಮಲಗುವ ಮುನ್ನ ಅರ್ಧ ಲೋಟ ಹಾಲು, ನಾಲ್ಕು ಶೇಂಗಾ. ಇಲ್ಲವಾದರೆ ಬೆಳಗಿನವರೆಗಿನ ಉಪವಾಸ ದೀರ್ಘವಾಗುವುದು. ರೊಟ್ಟಿಯ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಹೊಲದಲ್ಲಿ ದುಡಿಯುವವಳಿಗೂ ಕುರ್ಚಿಯಲ್ಲಿ ಕೂಡುವವಳಿಗೂ ಅಂತರವುಂಟಷ್ಟೆ. ಅದನ್ನು ಆಸ್ಪತ್ರೆಯವರು ತೂಕ ನೋಡಿ ಹೇಳುವರು.

ಉಣ್ಣುವ ಅನುಕ್ರಮದಲ್ಲಿಯೂ ಒಂದು ಗುಣವಿದೆ. ಮೊದಲು ಕೋಸಂಬರಿ, ಪಲ್ಯ, ಕಾಳುಗಳನ್ನು ತಿಂದು ತರುವಾಯ ರೊಟ್ಟಿ ಅನ್ನಗಳಿಗೆ ಕೈಹಾಕಿದರೆ, ಅದೇ ಊಟದಿಂದ ಸಕ್ಕರೆ ಕಡಮೆ ಏರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಮೆಲ್ಲಗೆ ಅಡ್ಡಾಡಿದರೆ ಮತ್ತೂ ಇಳಿಯುತ್ತದೆ, ವೈದ್ಯರು ವಿಶ್ರಾಂತಿಯನ್ನೇ ವಿಧಿಸಿರದಿದ್ದರೆ. ಇವೆರಡಕ್ಕೂ ಕಾಸು ಖರ್ಚಿಲ್ಲ.

ಕೆಲವು ಭ್ರಾಂತಿಗಳನ್ನು ಇಲ್ಲಿಯೇ ಕಳೆಯಬೇಕಾಗಿದೆ. "ಸಕ್ಕರೆ ಬೇಡ, ಬೆಲ್ಲವಾದರೆ ಚಿಂತೆಯಿಲ್ಲ" ಎಂಬುದು ಒಂದು. ಬೆಲ್ಲವೂ ಕಬ್ಬಿನ ಸಕ್ಕರೆಯೇ, ಬಣ್ಣವೊಂದು ಬೇರೆ. ಜೇನುತುಪ್ಪವೂ ಸಕ್ಕರೆಗಳ ಪಾಕವೇ. "ರಾಗಿ ತಿಂದರೆ ಸಕ್ಕರೆಯಿಲ್ಲ" ಎಂಬುದು ಇನ್ನೊಂದು. ನೂರು ಗ್ರಾಂ ಅಕ್ಕಿಯಲ್ಲಿ ೭೮ ಗ್ರಾಮಿನಷ್ಟು ಪಿಷ್ಟವಿದ್ದರೆ, ರಾಗಿ, ಜೋಳ, ಗೋಧಿಗಳಲ್ಲಿ ೬೫ರಿಂದ ೭೦ ಗ್ರಾಂ ಇದೆ. ನಾರು ಹೆಚ್ಚು, ರಾಗಿಯಲ್ಲಿ ಸುಣ್ಣದಂಶವೂ ಹೆಚ್ಚು. ಆದಕಾರಣ ಒಳ್ಳೆಯದೇ ಹೊರತು ಅಳತೆ ಮೀರಿ ತಿನ್ನಲು ಅಪ್ಪಣೆಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಯಂತೂ ಬೇಗನೆ ರಕ್ತಕ್ಕೆ ಸೇರುತ್ತದೆ. ಹಾಗಲಕಾಯಿಯ ಪಲ್ಯ ಉಣ್ಣಲಿ, ಆದರೆ ನೆರೆಹೊರೆಯವರ ಮಾತು ಕೇಳಿ ಅದರ ರಸವನ್ನಾಗಲಿ, ಹೆಸರು ತಿಳಿಯದ ಬೇರು ಚೂರ್ಣಗಳನ್ನಾಗಲಿ ಬಸುರಿಯ ಬಾಯಿಗೆ ಹಾಕಬಾರದು. ಆಯುರ್ವೇದದ ಗೌರವವನ್ನು ಉಳಿಸಬೇಕೆಂಬ ನಾನೇ ಈ ಮಾತನ್ನು ಹೇಳುತ್ತಿದ್ದೇನೆ.

ಪಥ್ಯವು ಎರಡು ಮನೆಗಳದೆಂದು ಹೇಳಿದೆನಷ್ಟೆ. ನಮ್ಮ ಭಕ್ತರ ಮನೆಯೊಂದರಲ್ಲಿ ನಡೆದುದನ್ನು, ಹೆಸರು ಹೇಳದೆ, ನಿಮ್ಮ ಮುಂದಿಡುತ್ತೇನೆ. ಸೊಸೆಗೆ ಆರನೆಯ ತಿಂಗಳಲ್ಲಿ ಸಕ್ಕರೆ ಕಂಡಿತು. ಹಬ್ಬದ ದಿನಗಳು; ಮನೆಯಲ್ಲಿ ಹದಿನಾಲ್ಕು ಮಂದಿ. ಎಲ್ಲರೂ ಹೋಳಿಗೆ ಉಣ್ಣುವಾಗ ಆಕೆ ಅಡಿಗೆಮನೆಯ ಮೂಲೆಯಲ್ಲಿ ಒಂದು ರೊಟ್ಟಿ ಮುರಿದು ತಿಂದು ಏಳುತ್ತಿದ್ದಳು. ಬಡಿಸುವವಳೂ ಆಕೆಯೇ, ತನ್ನ ಪಾಲಿನದನ್ನು ಬಿಡುವವಳೂ ಆಕೆಯೇ. ಎರಡು ವಾರದಲ್ಲಿ ತೂಕ ಇಳಿಯಿತು. ಆಸ್ಪತ್ರೆಯ ದಾದಿ ಅತ್ತೆಯವರನ್ನು ಕರೆಸಿ ವಿಷಯವನ್ನು ವಿವರಿಸಿದಳು. ಓದು ಬರೆಹ ತಿಳಿಯದ ಆ ಹಿರಿಯಳು ಮನೆಗೆ ಬಂದು ಒಂದೇ ಮಾತು ಹೇಳಿದಳಂತೆ: "ಆಕಿಗೆ ಬ್ಯಾರೆ, ನಮಗ ಬ್ಯಾರೆ ಅಂತ ಅಡಿಗಿ ಬ್ಯಾಡ. ಆಕಿ ಉಣ್ಣೂದನ್ನ ನಾವೂ ಉಣ್ಣೋಣು." ಅಂದಿನಿಂದ ಹೆರಿಗೆಯವರೆಗೆ ಆ ಮನೆಯ ಚಹಕ್ಕೆ ಸಕ್ಕರೆ ಬೀಳಲಿಲ್ಲ, ಬೇಕಾದವರು ಹೊರಗೆ ಕುಡಿದರು. ಊಟಕ್ಕೆ ಮೊದಲು ಸೊಸೆಯನ್ನು ಕುಳ್ಳಿರಿಸಿದರು. ಗಂಡನು ರಾತ್ರಿ ಊಟವಾದ ಮೇಲೆ ಆಕೆಯೊಡನೆ ಓಣಿಯ ಕೊನೆಯವರೆಗೆ ನಡೆದು ಬಂದನು. ಸೂಜಿಯ ಚಿಕಿತ್ಸೆಯೇ ಬೇಕಾಗದೆ, ಹೆಣ್ಣು ಕೂಸು ಸುಖವಾಗಿ ಹುಟ್ಟಿತು. ಎಲ್ಲರಿಗೂ ಹೀಗೆಯೇ ಆಗುವುದೆಂದು ನಾನು ಹೇಳುವುದಿಲ್ಲ. ಮಾವನಿಗೂ ಸಕ್ಕರೆ ರೋಗವಿದ್ದಿತಾದ್ದರಿಂದ ಆತನಿಗೂ ಅದರಿಂದ ಹಿತವಾಯಿತೆಂಬುದು ಬೇರೆ ಮಾತು.

ಪೂಜೆ ಉಪವಾಸಗಳ ವಿಷಯದಲ್ಲಿ ತಾಯಂದಿರು ನನ್ನನ್ನು ಆಗಾಗ ಕೇಳುತ್ತಾರೆ. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ನಿಷ್ಠೆಯವರು ನಮ್ಮಲ್ಲಿ ಅನೇಕರಿದ್ದಾರೆ. ನಿಷ್ಠೆಯನ್ನು ಬಿಡಬೇಕಾಗಿಲ್ಲ, ಹೊತ್ತನ್ನು ಮುಂದಕ್ಕೆ ತರಬೇಕು. ಬೆಳಗ್ಗೆ ಬೇಗನೆದ್ದು ಪೂಜೆಯನ್ನು ಸಂಕ್ಷೇಪವಾಗಿ ಮುಗಿಸಿ, ವೈದ್ಯರು ಹೇಳಿದ ಹೊತ್ತಿಗೆ ಉಣ್ಣಲಿ. ಸೂಜಿಯ ಔಷಧವನ್ನು ತೆಗೆದುಕೊಂಡು, ಪೂಜೆಯ ನೆವದಿಂದ ಊಟವನ್ನು ತಡಮಾಡುವುದು ಪ್ರಾಣಕ್ಕೆ ಅಪಾಯ. ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ಈ ಗರ್ಭಿಣಿ ಮಾಡತಕ್ಕದ್ದಲ್ಲ. ಉಪವಾಸದ ಹೆಸರಿನಲ್ಲಿ ತಿನ್ನುವ ಸಾಬುದಾಣಿ, ಬಟಾಟೆ, ಬಾಳೆಹಣ್ಣುಗಳೂ ಸಕ್ಕರೆಯನ್ನು ಏರಿಸುತ್ತವೆಂಬುದನ್ನೂ ನೆನಪಿಡಿರಿ. ಮಠದ ಪ್ರಸಾದವನ್ನು ಬೇಡವೆನ್ನಲು ಅಂಜುವವರಿಗೆ ನನ್ನ ಉತ್ತರವಿಷ್ಟೆ: ಪ್ರಸಾದತ್ವವು ಪ್ರಮಾಣದಲ್ಲಿಲ್ಲ. ಕಾಳಿನಷ್ಟು ಸ್ವೀಕರಿಸಿದರೂ ಅದು ಪ್ರಸಾದವೇ.

ಪಥ್ಯವನ್ನು ಎರಡು ವಾರ ಸರಿಯಾಗಿ ನಡೆಸಿದ ಮೇಲೆ, ಊಟವಾಗಿ ಎರಡು ಗಂಟೆಗೆ ಸಕ್ಕರೆ ೧೨೦ಕ್ಕಿಂತ ಕೆಳಗಿರಬೇಕು; ಬೆಳಗ್ಗೆ ಬರಿಹೊಟ್ಟೆಯಲ್ಲಿ ೯೫ಕ್ಕಿಂತ ಕೆಳಗೆ. ಹಾಗಾಗದಿದ್ದರೆ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ವೈದ್ಯರು ಪ್ರಾರಂಭಿಸುವರು. ಆಗ ಮನೆಯಲ್ಲಿ ಗೋಳಾಟ ಏಳುತ್ತದೆ. ಸೂಜಿ ಹಿಡಿದರೆ ಜನ್ಮವೆಲ್ಲ ಬಿಡದು, ಕೂಸಿಗೆ ತಗಲುವುದು ಎಂದು ಹೇಳುವವರುಂಟು. ಸಮಾಧಾನವೇನೆಂದರೆ, ಇನ್ಸುಲಿನ್ ಮಾಸನ್ನು ದಾಟದೆಂದು ಮೊದಲೇ ಹೇಳಿದೆ. ಕೂಸನ್ನು ಮುಟ್ಟುವುದು ಏರಿದ ಸಕ್ಕರೆಯೇ ಹೊರತು ಈ ಔಷಧವಲ್ಲ. ಮಾಸು ಬಿದ್ದೊಡನೆ ಆ ತಡೆ ತೊಲಗುವುದರಿಂದ ಹೆಚ್ಚಿನವರಿಗೆ ಹೆರಿಗೆಯ ದಿನವೇ ಸೂಜಿ ನಿಲ್ಲುತ್ತದೆ. ಪಥ್ಯ ಪಾಲಿಸಿಯೂ ಸೂಜಿ ಬೇಕಾಯಿತೆಂದರೆ ಆಕೆ ಕದ್ದು ತಿಂದಳೆಂದು ಅರ್ಥವಲ್ಲ. ಆಕೆಯ ಗ್ರಂಥಿಗೆ ಹೊರೆ ಮೀರಿತೆ��ದಷ್ಟೇ ಅರ್ಥ. ಸೂಜಿ ತೆಗೆದುಕೊಳ್ಳುವವಳ ಮನೆಯವರು ಒಂದನ್ನು ಕಲಿತಿರಬೇಕು. ಕೈ ನಡುಗಿ, ಬೆವರಿ, ಕಣ್ಣು ಕತ್ತಲೆಗೂಡಿದರೆ ಸಕ್ಕರೆ ೭೦ಕ್ಕಿಂತ ಕೆಳಗಿಳಿದಿರಬಹುದು. ಎಚ್ಚರವಿದ್ದರೆ ಕೂಡಲೆ ಮೂರು ಚಹದ ಚಮಚ ಗ್ಲೂಕೋಸನ್ನಾಗಲಿ ಸಕ್ಕರೆಯನ್ನಾಗಲಿ ನೀರಿನಲ್ಲಿ ಕದಡಿ ಕುಡಿಸಿ, ಮಲಗಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆಯ ಡಬ್ಬಿಯನ್ನು ಆ ಮನೆಯಿಂದ ಹೊರಗೆಸೆಯಬಾರದು.

ಕಡೆಯದಾಗಿ ಬಾಣಂತಿತನ. ಹೆರಿಗೆಯಾಗಿ ಸಕ್ಕರೆ ಇಳಿದೊಡನೆ ಎಲ್ಲರೂ ಮರೆತುಬಿಡುತ್ತಾರೆ. ಅಂಟಿನುಂಡಿ, ಆಳ್ವಿ ಪಾಯಸ, ಬೆಲ್ಲ ಕೊಬ್ಬರಿಗಳು ತವರಿನಲ್ಲಿ ದಿನವೂ ಸಿದ್ಧವಾಗುತ್ತವೆ. ಬಾಣಂತಿಗೆ ಪುಷ್ಟಿ ಬೇಕು, ಬೇಡವೆನ್ನುವವರಾರು? ಅಂಟು, ಆಳ್ವಿ, ಒಣಕೊಬ್ಬರಿ ಇರಲಿ, ಬೆಲ್ಲವು ಇಳಿಯಲಿ. ಹೆರಿಗೆಯಾದ ಆರು ವಾರಕ್ಕೆ ೭೫ ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸತಕ್ಕದ್ದು. ನಮ್ಮಲ್ಲಿ ಅತ್ಯಂತ ಹೆಚ್ಚಾಗಿ ತಪ್ಪಿಹೋಗುವುದು ಇದೇ ಪರೀಕ್ಷೆ. ಆಗ ಹುಡುಗಿ ತವರಿನಲ್ಲಿರುತ್ತಾಳೆ, ಕೂಸನ್ನು ಬಿಟ್ಟು ಹೊರಗೆ ಹೋಗಬಾರದೆನ್ನುತ್ತಾರೆ, ತೊಟ್ಟಿಲಿಗೆ ಹಾಕುವ ಗಡಿಬಿಡಿ ಬೇರೆ. ಈ ರೋಗ ಬಂದು ಹೋದ ತಾಯಿಗೆ ಮುಂದೆ ಶಾಶ್ವತ ಸಕ್ಕರೆ ರೋಗ ಬರುವ ಸಂಭವವು ಇತರರಿಗಿಂತ ಏಳು ಪಟ್ಟಿಗೂ ಮಿಗಿಲೆಂದು ಹಲವು ದೇಶಗಳ ಲೆಕ್ಕಗಳಿಂದ ಸಿದ್ಧವಾಗಿದೆ. ಮೊಲೆಹಾಲು ಉಣಿಸುವುದರಿಂದ ಆ ಸಂಭವ ತಗ್ಗುತ್ತದೆ. ವರುಷಕ್ಕೊಮ್ಮೆ ರಕ್ತ ನೋಡಿಸುತ್ತಿದ್ದರೆ, ಬಂದರೂ ಮೊದಲೇ ತಿಳಿಯುತ್ತದೆ. ಮುಂದಿನ ಬಸುರಿನಲ್ಲಿ ಮೊದಲ ತಿಂಗಳುಗಳಲ್ಲಿಯೇ ವೈದ್ಯರಿಗೆ ಹಿಂದಿನ ಸಂಗತಿಯನ್ನು ತಿಳಿಸಬೇಕು. ತೊಟ್ಟಿಲ ಶಾಸ್ತ್ರಕ್ಕೆ ಮಠದಿಂದ ಹೆಸರು ಕೇಳಲು ಬರುವ ಅಜ್ಜಂದಿರನ್ನು, ಆರು ವಾರದ ಪರೀಕ್ಷೆ ಆಯಿತೇ ಎಂದು ಇನ್ನು ಮುಂದೆ ನಾನು ಕೇಳುವವನಿದ್ದೇನೆ, ಬೇಸರಪಡಬೇಡಿರಿ.

ಶ್ರೀಗಳವರ ಅಪ್ಪಣೆಯಂತೆ ಈ ದಿನ ದಾಸೋಹದಲ್ಲಿ ಒಂದು ಏರ್ಪಾಡಾಗಿದೆ. ಮೂಡಣ ಪಡಸಾಲೆಯ ಪಂಕ್ತಿಯು ಗರ್ಭಿಣಿಯರಿಗೂ ಸಕ್ಕರೆ ರೋಗವುಳ್ಳವರಿಗೂ ಮೀಸಲು. ಅಲ್ಲಿ ಮೊದಲು ಕೋಸಂಬರಿ, ಪಲ್ಯ, ಉಸುಳಿ ಬಡಿಸುವರು. ಆಮೇಲೆ ರೊಟ್ಟಿ, ಮಜ್ಜಿಗೆ. ಹುಗ್ಗಿಯನ್ನು ಕೇಳಿದವರಿಗೆ ಮಾತ್ರ, ಒಂದು ಚಮಚ. ಗರ್ಭಿಣಿಯರು ಒಂದನೆಯ ಪಂಕ್ತಿಗೇ ಕೂಡತಕ್ಕದ್ದು, ಎರಡನೆಯದಕ್ಕೆ ಕಾಯಬಾರದು. ಅವರ ಜೊತೆ ಬಂದ ಅತ್ತೆಯವರೂ ಗಂಡಂದಿರೂ ಅದೇ ಪಂಕ್ತಿಯಲ್ಲಿಯೇ ಕೂಡಬಹುದೆಂದು ಉಗ್ರಾಣದವರು ತಿಳಿಸಲು ಹೇಳಿದ್ದಾರೆ.